ಎರಡು ಪ್ರಯೋಗಾಲಯ, ಒಬ್ಬ ಓಟಗಾರ: ಪಿಸ್ಟೋರಿಯಸ್ ಪ್ರಕರಣದ ಅಧ್ಯಯನ

ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಅವರನ್ನು 2007ರ ನವೆಂಬರ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಅವರ ಕೃತಕ ಕಾಲುಗಳು ಸಹಜ ಕಾಲಿನ ಓಟಗಾರರಿಗಿಲ್ಲದ ಅನುಕೂಲವನ್ನು ಅವರಿಗೆ ಒದಗಿಸುತ್ತಿವೆ ಎಂದು ವರದಿ ಕೊಟ್ಟರು. ಅದಾಗಿ ಕೆಲವೇ ತಿಂಗಳಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅದೇ ಓಟಗಾರನನ್ನು ಅದೇ ಮಾದರಿಯ ಕಾಲುಗಳ ಮೇಲೆ ಓಡಿಸಿ ನೋಡಿದ ಇನ್ನೊಂದು ತಂಡ, ಆ ತೀರ್ಮಾನ ನಿಲ್ಲುವುದಿಲ್ಲ ಎಂದಿತು. ಕಥೆ ಇಷ್ಟಕ್ಕೇ ಮುಗಿದಿದ್ದರೆ ಇದು ವಿಜ್ಞಾನದಲ್ಲಿ ಆಗಾಗ ನಡೆಯುವ ಭಿನ್ನಾಭಿಪ್ರಾಯ ಎಂದು ಬಿಟ್ಟುಬಿಡಬಹುದಿತ್ತು. ಆದರೆ 2009ರಲ್ಲಿ ಎರಡನೆಯ ತಂಡವೇ ಇಬ್ಭಾಗವಾಯಿತು. ಜೊತೆಯಾಗಿ ಅಳೆದು, ಜೊತೆಯಾಗಿ ಸಹಿ ಹಾಕಿ ಪ್ರಕಟಿಸಿದ ಅಂಕಿಗಳನ್ನೇ ಮುಂದಿಟ್ಟುಕೊಂಡು ಒಂದು ಬಣ ‘ಭಾರಿ ಅನುಕೂಲ’ ಎಂದರೆ, ಇನ್ನೊಂದು ಬಣ ‘ಅನುಕೂಲಕ್ಕೆ ಪುರಾವೆಯಿಲ್ಲ, ತೊಡಕೇ ಇರಬಹುದು’ ಎಂದಿತು. ಅಳತೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಅಳೆದದ್ದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು ಎಂಬಲ್ಲಿಯೇ ಎಲ್ಲ ತಕರಾರೂ ಇತ್ತು. ಉನ್ನತ ಮಟ್ಟದ ವಿಕಲಚೇತನ ಕ್ರೀಡಾಪಟುಗಳ ಕುರಿತ ಸಂಶೋಧನೆಗೆ ಇರುವ ಮೂಲ ತೊಡಕು ಇದೇ ಎಂಬುದು ನನ್ನ ಅಭಿಪ್ರಾಯ. ಅದು ಇಷ್ಟು ನಿಚ್ಚಳವಾಗಿ ಕಾಣಿಸುವ ಇನ್ನೊಂದು ಪ್ರಕರಣ ಇಲ್ಲವೆಂದೇ ಹೇಳಬೇಕು.

ಹಿನ್ನೆಲೆ

ಪಿಸ್ಟೋರಿಯಸ್ 1986ರ ನವೆಂಬರ್ 22ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಮೊಣಕಾಲಿನ ಕೆಳಗೆ ಇರಬೇಕಾದ ಎರಡು ಮೂಳೆಗಳಲ್ಲಿ ತೆಳುವಾದದ್ದು ಎರಡೂ ಕಾಲಿನಲ್ಲಿ ಇರಲಿಲ್ಲ. ಹನ್ನೊಂದು ತಿಂಗಳ ಮಗುವಾಗಿದ್ದಾಗಲೇ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಯಿತು. ಎಂದರೆ ಅವರು ನಡೆಯಲು ಕಲಿತದ್ದೇ ಕೃತಕ ಕಾಲುಗಳ ಮೇಲೆ. ಈ ಅಂಶ ಮುಂದೆ ವಾದದ ನಡುವೆ ಮತ್ತೆ ಬರಲಿದೆ. ಪ್ರಿಟೋರಿಯಾದಲ್ಲಿ ಶಾಲೆಯಲ್ಲಿದ್ದಾಗ ರಗ್ಬಿ ಆಡುತ್ತಿದ್ದ ಅವರು 2003ರಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಚೇತರಿಕೆಗೆಂದು ಮರುವರ್ಷ ಓಟದ ಅಭ್ಯಾಸಕ್ಕೆ ಇಳಿದರು. ಅದೇ ವರ್ಷ, 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟವನ್ನು 21.97 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು.

ಅವರು ತೊಡುತ್ತಿದ್ದದ್ದು ಐಸ್‌ಲ್ಯಾಂಡ್‌ನ ಓಸುರ್ ಕಂಪನಿಯ ‘ಚೀತಾ ಫ್ಲೆಕ್ಸ್ ಫುಟ್’. ಕಾರ್ಬನ್ ಫೈಬರ್‌ನ ಪದರಗಳನ್ನು ಒತ್ತಿ ಮಾಡಿದ, ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿದ ಪಟ್ಟಿ ಅದು; ಇದನ್ನೇ ‘ಬ್ಲೇಡ್’ ಎನ್ನುತ್ತಾರೆ. ಮೇಲ್ತುದಿ ಕಾಲಿನ ಉಳಿದ ಭಾಗವನ್ನು ಬಿಗಿಯಾಗಿ ಹಿಡಿಯುವ ಗಟ್ಟಿ ತೊಟ್ಟಿಗೆ ಜೋಡಣೆಯಾಗಿರುತ್ತದೆ. ಕೆಳತುದಿಗೆ ಸ್ಪೈಕ್ ಅಂಟಿಸಿರುತ್ತಾರೆ. ಹಿಮ್ಮಡಿ ಎಂಬುದೇ ಇಲ್ಲ. ನೆಲಕ್ಕೆ ತಾಗಿದಾಗ ಬಾಗುತ್ತದೆ, ಬಾಗುವಾಗ ಹಿಡಿದಿಟ್ಟುಕೊಂಡ ಶಕ್ತಿಯ ಬಹುಪಾಲನ್ನು ಸೆಟೆಯುವಾಗ ಹಿಂತಿರುಗಿಸುತ್ತದೆ. ಮೋಟಾರು, ಬ್ಯಾಟರಿ ಯಾವುದೂ ಇಲ್ಲದ ಕಾರಣ ಪಡೆದುದಕ್ಕಿಂತ ಹೆಚ್ಚು ಕೊಡಲು ಅದಕ್ಕೆ ಸಾಧ್ಯವಿಲ್ಲ. ಸಹಜ ಕಾಲಿನಲ್ಲಿ ಮೀನಖಂಡದ ಸ್ನಾಯು ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಸೇರಿ ಇದೇ ಕೆಲಸ ಮಾಡುತ್ತವೆ. ಒಂದು ವ್ಯತ್ಯಾಸವೆಂದರೆ ಸ್ನಾಯು ತಾನೇ ಹೊಸದಾಗಿ ಶಕ್ತಿ ಹಾಕಬಲ್ಲದು, ಮತ್ತು ದಣಿಯುತ್ತದೆ. ಬ್ಲೇಡ್ ಹೊಸ ಶಕ್ತಿಯನ್ನೂ ಹಾಕದು, ದಣಿಯುವುದೂ ಇಲ್ಲ.

ಪ್ಯಾರಾಲಿಂಪಿಕ್ಸ್‌ನ ಒಳಗೆ ಇದ್ದಷ್ಟು ದಿನ ಈ ಕಾಲುಗಳ ಬಗ್ಗೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ, ಅಂದರೆ ಆಗಿನ ಐಎಎಎಫ್, ತಲೆ ಕೆಡಿಸಿಕೊಂಡಿರಲಿಲ್ಲ. ಪಿಸ್ಟೋರಿಯಸ್ ಸಾಮಾನ್ಯ ಸ್ಪರ್ಧೆಗಳ 400 ಮೀಟರ್ ಓಟದಲ್ಲಿ 46 ಸೆಕೆಂಡಿನ ಆಸುಪಾಸಿಗೆ ಬಂದಾಗ ವಿಷಯ ಬೇರೆಯಾಯಿತು. 2007ರ ಮಾರ್ಚ್‌ನಲ್ಲಿ ಐಎಎಎಫ್ ತನ್ನ 144ನೇ ನಿಯಮಕ್ಕೆ ತಿದ್ದುಪಡಿ ತಂದು, ಸ್ಪ್ರಿಂಗ್, ಗಾಲಿ ಅಥವಾ ಅಂಥ ಬೇರಾವುದೇ ಅಂಶವುಳ್ಳ, ಬಳಸುವವನಿಗೆ ಬಳಸದವನ ಎದುರು ಅನುಕೂಲ ಕೊಡುವ ತಾಂತ್ರಿಕ ಸಾಧನವನ್ನು ನಿಷೇಧಿಸಿತು. ಆ ವರ್ಷ ಜುಲೈ 13ರಂದು ರೋಮ್‌ನ ಕೂಟದಲ್ಲಿ ಅವರು 46.90 ಸೆಕೆಂಡಿನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಒಕ್ಕೂಟ ಆ ಓಟವನ್ನು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ ವಿಶ್ಲೇಷಿಸಿತ್ತು. ಸಾಮಾನ್ಯವಾಗಿ 400 ಮೀಟರ್ ಓಟಗಾರರು ಮೊದಲರ್ಧದಲ್ಲಿ ವೇಗವಾಗಿ ಓಡಿ ಕೊನೆಯಲ್ಲಿ ಸೊರಗುತ್ತಾರೆ. ಇವರು ನಿಧಾನವಾಗಿ ಹೊರಟು ಆಮೇಲೆ ವೇಗ ಹಿಡಿಯುತ್ತಿದ್ದರು. ಈ ಒಂದು ಗಮನಿಕೆ ಮುಂದಿನ ಪರೀಕ್ಷೆಯ ಸ್ವರೂಪವನ್ನು ನಿರ್ಧರಿಸಬೇಕಿತ್ತು. ಹಾಗಾಗಲಿಲ್ಲ.

ಕಲೋನ್‌ನ ವರದಿ

ಜರ್ಮನ್ ಕ್ರೀಡಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗೆರ್ಟ್ ಪೀಟರ್ ಬ್ರುಗ್ಗೆಮಾನ್ ಅವರಿಗೆ ಪರೀಕ್ಷೆಯ ಹೊಣೆ ಬಂತು. ಅವರ ತಂಡ ಪಿಸ್ಟೋರಿಯಸ್ ಅವರನ್ನು, ಸರಿಸುಮಾರು ಅವರಷ್ಟೇ ವೇಗದಲ್ಲಿ 400 ಮೀಟರ್ ಓಡಬಲ್ಲ ಸಹಜ ಕಾಲಿನ ಕೆಲವು ಓಟಗಾರರೊಂದಿಗೆ ಹೋಲಿಸಿತು. ಕೀಲುಗಳ ಚಲನೆಯನ್ನು ಮೂರು ಆಯಾಮಗಳಲ್ಲಿ ಹಿಡಿಯುವ ಕ್ಯಾಮೆರಾಗಳು, ನೆಲದ ಮೇಲೆ ಬೀಳುವ ಬಲವನ್ನು ಅಳೆಯುವ ಫಲಕಗಳು, ಉಸಿರಿನ ಆಮ್ಲಜನಕವನ್ನು ಅಳೆಯುವ ಉಪಕರಣ, ಹೀಗೆ ಪರಿಕರಗಳ ವಿಷಯದಲ್ಲಿ ಕೊರತೆಯೇನೂ ಇರಲಿಲ್ಲ. ಹೊರಬಿದ್ದ ಮುಖ್ಯ ಫಲಿತಾಂಶಗಳು ಎರಡು. ಒಂದೇ ವೇಗದಲ್ಲಿ ಓಡಲು ಪಿಸ್ಟೋರಿಯಸ್ ಅವರಿಗೆ ಉಳಿದವರಿಗಿಂತ ಶೇ 25ರಷ್ಟು ಕಡಿಮೆ ಶಕ್ತಿ ಸಾಕು ಎಂಬುದು ಒಂದು. ಬ್ಲೇಡಿನಲ್ಲಿ ಕಳೆದುಹೋಗುವ ಶಕ್ತಿ ಶೇ 9ರ ಸುಮಾರಿನಲ್ಲಿದ್ದರೆ ಸಹಜ ಪಾದದ ಕೀಲಿನಲ್ಲಿ ಅದು ಶೇ 41ರ ಹತ್ತಿರ, ಆದ್ದರಿಂದ ಬ್ಲೇಡಿನ ಯಾಂತ್ರಿಕ ಅನುಕೂಲ ಶೇ 30ನ್ನೂ ಮೀರುತ್ತದೆ ಎಂಬುದು ಇನ್ನೊಂದು. ಇದನ್ನು ಆಧರಿಸಿ ಐಎಎಎಫ್ 2008ರ ಜನವರಿ 14ರಂದು, ಒಲಿಂಪಿಕ್ಸ್ ಸೇರಿದಂತೆ ತನ್ನ ನಿಯಮಗಳಡಿ ನಡೆಯುವ ಯಾವ ಸ್ಪರ್ಧೆಯಲ್ಲೂ ಅವರು ಈ ಕಾಲುಗಳ ಮೇಲೆ ಓಡುವಂತಿಲ್ಲ ಎಂದು ಪ್ರಕಟಿಸಿತು.

ಎರಡನೆಯ ಫಲಿತಾಂಶವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಹೆಚ್ಚು ಓಡಾಡಿದ್ದು ಅದೇ. ಒಂದು ಕೀಲಿನಲ್ಲಿ ಎಷ್ಟು ಶಕ್ತಿ ಒಳಹೋಯಿತು, ಎಷ್ಟು ಹೊರಬಂತು ಎಂಬ ಲೆಕ್ಕ ಆ ಕೀಲಿನ ಮಟ್ಟಿಗೆ ನಿಜ. ಆದರೆ ಓಡುವುದು ಕೀಲಲ್ಲ, ಇಡೀ ದೇಹ. ಪಾದವೂ ಮೀನಖಂಡವೂ ಇಲ್ಲದವನು ಆ ಸ್ನಾಯುಗಳು ಮಾಡಬೇಕಿದ್ದ ಕೆಲಸವನ್ನು ಸೊಂಟದಿಂದ, ತೊಡೆಯಿಂದ, ಬೆನ್ನಿನಿಂದ ಮಾಡಿಸಿಕೊಳ್ಳಬೇಕಾಗುತ್ತದೆ. ಪಾದದ ಕೀಲಿನ ಜಾಗದಲ್ಲಿ ಉಳಿತಾಯವಾದದ್ದು ಬೇರೆಡೆ ಖರ್ಚಾಗಿದೆಯೇ ಎಂಬುದಕ್ಕೆ ಕೀಲಿನ ಲೆಕ್ಕದಲ್ಲಿ ಉತ್ತರವಿಲ್ಲ.

ಅದಕ್ಕಿಂತ ದೊಡ್ಡ ಲೋಪ ಪರೀಕ್ಷೆಯ ವ್ಯಾಪ್ತಿಯಲ್ಲಿತ್ತು, ಮತ್ತು ಅದಕ್ಕೆ ವಿಜ್ಞಾನಿಗಳು ಕಾರಣರಲ್ಲ. ಓಟದ ವೇಗ ಸ್ಥಿರವಾದ ಬಳಿಕ, ನೇರ ಹಾದಿಯ ಭಾಗವನ್ನಷ್ಟೇ ಅಳೆಯಬೇಕೆಂದು ಕೇಳಿದ್ದು ಐಎಎಎಫ್. ಹೊರಡುವಾಗ ಅವರು ಹಿಂದುಳಿಯುತ್ತಾರೆ ಎಂಬುದು ರೋಮ್‌ನ ಚಿತ್ರಣದಿಂದಲೇ ಒಕ್ಕೂಟಕ್ಕೆ ತಿಳಿದಿತ್ತು. ಕೃತಕ ಕಾಲುಗಳು ಎಲ್ಲಿ ನೆರವಾಗಬಹುದೋ ಅಲ್ಲಿ ಅಳೆದು, ಎಲ್ಲಿ ಅಡ್ಡಿಯಾಗಬಹುದೋ ಅಲ್ಲಿ ಅಳೆಯದಿದ್ದದ್ದು ತಕ್ಕಡಿಯ ಒಂದೇ ತಟ್ಟೆಯನ್ನು ತೂಗಿದ ಹಾಗಾಯಿತು. ಸಂಶೋಧನೆಗೆ ಹಣ ಕೊಡುವ ಸಂಸ್ಥೆ ಪ್ರಶ್ನೆಯನ್ನೂ ಬರೆದುಕೊಟ್ಟಾಗ ಉತ್ತರದ ಅರ್ಧ ಭಾಗ ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಹ್ಯೂಸ್ಟನ್‌ನ ಅಳತೆಗಳು

ಪಿಸ್ಟೋರಿಯಸ್, ಕ್ರೀಡೆಯ ವ್ಯಾಜ್ಯಗಳನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಿದರು. ಅವರ ಪರವಾಗಿ ಹೊಸ ಪರೀಕ್ಷೆ ನಡೆಸಲು ಏಳು ಮಂದಿ ಸಂಶೋಧಕರ ತಂಡ ಕೂಡಿತು. ಪರೀಕ್ಷೆ ನಡೆದದ್ದು ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ, ಪೀಟರ್ ವೇಯಾಂಡ್ ಅವರ ಪ್ರಯೋಗಾಲಯದಲ್ಲಿ. ಮ್ಯಾಥ್ಯೂ ಬಂಡ್ಲ್, ಕೊಲೊರಾಡೊ ವಿಶ್ವವಿದ್ಯಾಲಯದ ರಾಜರ್ ಕ್ರಾಮ್ ಮತ್ತು ಅಲೀನಾ ಗ್ರಬೌಸ್ಕಿ, ಕ್ರೇಗ್ ಮೆಕ್‌ಗೊವನ್, ಮೇರಿ ಬೆತ್ ಬ್ರೌನ್ ತಂಡದಲ್ಲಿದ್ದರು. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಹ್ಯೂ ಹೆರ್ ಕೂಡ ಇದ್ದರು. ಹದಿಹರೆಯದಲ್ಲಿ ಪರ್ವತಾರೋಹಣಕ್ಕೆ ಹೋಗಿ ಹಿಮದಲ್ಲಿ ಸಿಕ್ಕಿಬಿದ್ದು ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಅವರು ಕೃತಕ ಕಾಲುಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡವರು.

ಈ ತಂಡದ ಪೂರ್ಣ ಪ್ರಬಂಧ 2009ರಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಫಿಸಿಯಾಲಜಿ’ಯಲ್ಲಿ ಬಂತು. ಸಾರಾಂಶದಲ್ಲಿ ಓಟಗಾರನ ಹೆಸರಿಲ್ಲ, ‘ನಮ್ಮ ಪ್ರಯೋಗಾರ್ಥಿ’ ಎಂದಷ್ಟೇ ಇದೆ. ಇದು ಸಂಶೋಧನೆಯ ಶಿಷ್ಟಾಚಾರ. ಆ ವೇಗದಲ್ಲಿ ಎರಡೂ ಕೃತಕ ಕಾಲುಗಳ ಮೇಲೆ ಓಡುವವನು ಜಗತ್ತಿನಲ್ಲಿ ಒಬ್ಬನೇ ಇದ್ದಾಗ ಹೆಸರು ಮುಚ್ಚಿಟ್ಟು ಪ್ರಯೋಜನವೇನು ಎಂದು ಓದುವವರಿಗೆ ಅನಿಸಿದರೆ ತಪ್ಪಿಲ್ಲ. ಈ ಕ್ಷೇತ್ರದಲ್ಲಿ ಗೌಪ್ಯತೆ ಕಾಪಾಡುವುದು ಎಷ್ಟು ಕಷ್ಟ ಎಂಬುದಕ್ಕೂ ಇದೊಂದು ನಿದರ್ಶನ.

ಮೂರು ಪರೀಕ್ಷೆಗಳು ನಡೆದವು. ಮೊದಲನೆಯದು ಓಟಕ್ಕೆ ತಗಲುವ ಆಮ್ಲಜನಕದ ವೆಚ್ಚ. ಅದು ಪ್ರತಿ ಕಿಲೋಗ್ರಾಂ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ 174.9 ಮಿಲಿಲೀಟರ್ ಎಂದು ಸಿಕ್ಕಿತು. ಈ ಒಂದು ಸಂಖ್ಯೆಯನ್ನು ತಂಡ ಮೂರು ಗುಂಪುಗಳ ಪಕ್ಕದಲ್ಲಿಟ್ಟಿತು. ಉನ್ನತ ಮಟ್ಟದ ದೂರ ಓಟಗಾರರ ಸರಾಸರಿಗಿಂತ ಅದು ಶೇ 3.8ರಷ್ಟು ಮಾತ್ರ ಕಡಿಮೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದೂರ ಓಟಗಾರರಿಗಿಂತ ಶೇ 6.7ರಷ್ಟು ಕಡಿಮೆ. ಆದರೆ 400 ಮೀಟರ್ ಓಟದಲ್ಲೇ ಪಳಗಿದವರ ಸರಾಸರಿಗಿಂತ ಶೇ 17ರಷ್ಟು ಕಡಿಮೆ. ಆ ಗುಂಪಿನ ಸರಾಸರಿ 210.6, ಪ್ರಮಾಣ ವಿಚಲನೆ (ಗುಂಪಿನವರ ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಮಾನ) ಸುಮಾರು 13. ಎಂದರೆ ಪಿಸ್ಟೋರಿಯಸ್ ಆ ಸರಾಸರಿಯಿಂದ ಎರಡೂವರೆ ಪ್ರಮಾಣ ವಿಚಲನೆಗಿಂತಲೂ ಆಚೆ ನಿಲ್ಲುತ್ತಾರೆ. ಅವರು ಅಸಾಮಾನ್ಯರೇ ಅಲ್ಲವೇ ಎಂದು ಕೇಳಿದರೆ, ದೂರ ಓಟಗಾರರ ಪಕ್ಕದಲ್ಲಿ ಅಲ್ಲ, 400 ಮೀಟರ್ ಓಟಗಾರರ ಪಕ್ಕದಲ್ಲಿ ಹೌದು ಎಂದೇ ಹೇಳಬೇಕಾಗುತ್ತದೆ. ಕಲೋನ್‌ನ ಶೇ 25 ಎಂಬ ಸಂಖ್ಯೆಗೂ ಹ್ಯೂಸ್ಟನ್‌ನ ಶೇ 3.8 ಎಂಬ ಸಂಖ್ಯೆಗೂ ನಡುವಿನ ಕಂದಕದ ಒಂದು ದೊಡ್ಡ ಪಾಲು ಹೀಗೆ ಹೋಲಿಕೆಯ ಗುಂಪಿನ ಆಯ್ಕೆಯಿಂದಲೇ ಹುಟ್ಟಿದೆ. ಆಮ್ಲಜನಕವನ್ನು ಅಳೆದದ್ದು ಸೆಕೆಂಡಿಗೆ 2.5ರಿಂದ 4.1 ಮೀಟರ್ ವೇಗದಲ್ಲಿ ಎಂಬುದನ್ನೂ ಗಮನಿಸಬೇಕು. 400 ಮೀಟರನ್ನು 46 ಸೆಕೆಂಡಿನಲ್ಲಿ ಮುಗಿಸುವವನ ಸರಾಸರಿ ವೇಗ ಸೆಕೆಂಡಿಗೆ 8.7 ಮೀಟರ್, ಅಂದರೆ ಅದರ ಎರಡು ಪಟ್ಟಿಗೂ ಹೆಚ್ಚು. ಅತಿ ವೇಗದ ಓಟದಲ್ಲಿ ಶಕ್ತಿಯ ದೊಡ್ಡ ಪಾಲು ಆಮ್ಲಜನಕದ ನೆರವಿಲ್ಲದೆ ಹುಟ್ಟುವುದರಿಂದ, ಉಸಿರನ್ನು ಅಳೆದು ಆ ಖರ್ಚನ್ನು ಪೂರ್ತಿ ಲೆಕ್ಕ ಹಾಕುವ ದಾರಿಯಿಲ್ಲ. ನಿಧಾನ ಓಟದಲ್ಲಿ ಅಳೆಯುವುದು ಅನಿವಾರ್ಯವಾಗಿತ್ತು.

ಈ ಅಂತರವನ್ನು ತುಂಬಲೆಂದು ಎರಡನೆಯ ಪರೀಕ್ಷೆ ಇತ್ತು. ಸೆಕೆಂಡಿಗೆ 6.6ರಿಂದ 10.8 ಮೀಟರ್‌ವರೆಗಿನ ಆರು ಬೇರೆ ಬೇರೆ ವೇಗಗಳಲ್ಲಿ, ಇನ್ನು ಆಗದು ಎನ್ನುವವರೆಗೆ ಅವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅತಿ ವೇಗದಲ್ಲಿ ಎರಡು ಸೆಕೆಂಡು, ಕಡಿಮೆ ವೇಗದಲ್ಲಿ ತೊಂಬತ್ತು ಸೆಕೆಂಡು ನಿಂತರು. ಸಹಜ ಕಾಲಿನ ಓಟಗಾರರ ದಣಿವಿನ ಸೂತ್ರ ಊಹಿಸುವ ವೇಗಕ್ಕೂ ಇವರ ವೇಗಕ್ಕೂ ಇದ್ದ ವ್ಯತ್ಯಾಸ ಸರಾಸರಿ ಶೇ 2.2 ಮಾತ್ರ. ದಣಿಯದ ಬ್ಲೇಡ್ ಇದ್ದರೂ ಓಟಗಾರ ಎಲ್ಲರಂತೆಯೇ ದಣಿಯುತ್ತಾನೆ ಎಂದಾಯಿತು. ಮೂರೂ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಇದು. ಓಟದ ಕೊನೆಯಲ್ಲಿ ಅವರು ಉಳಿದವರಿಗಿಂತ ಕಡಿಮೆ ಸೊರಗಿದಂತೆ ಕಾಣುತ್ತಿದ್ದದ್ದಕ್ಕೆ ಕಾರಣ ಕಾಲಿನಲ್ಲಿಲ್ಲ, ಮೊದಲು ನಿಧಾನವಾಗಿ ಹೊರಡುತ್ತಿದ್ದುದರಲ್ಲಿದೆ ಎಂಬ ವಿವರಣೆಗೆ ಇದರಿಂದ ಬಲ ಬರುತ್ತದೆ.

ಮೂರನೆಯದು ಓಟದ ಯಂತ್ರವಿಧಾನ. ಸೆಕೆಂಡಿಗೆ 8, 9 ಮತ್ತು 10 ಮೀಟರ್ ವೇಗದಲ್ಲಿ ಅವರ ಪ್ರತಿ ಹೆಜ್ಜೆ ನೆಲದ ಮೇಲೆ ಇರುತ್ತಿದ್ದ ಸಮಯ ಸಹಜ ಕಾಲಿನವರಿಗಿಂತ ಶೇ 14.7 ಹೆಚ್ಚು. ಎರಡೂ ಕಾಲು ನೆಲ ಬಿಟ್ಟು ದೇಹ ಗಾಳಿಯಲ್ಲಿರುವ ಸಮಯ ಶೇ 26.4 ಕಡಿಮೆ. ಒಂದು ಕಾಲು ನೆಲ ಬಿಟ್ಟು ಮುಂದಕ್ಕೆ ಬೀಸಿ ಮತ್ತೆ ನೆಲ ಮುಟ್ಟಲು ತಗಲುವ ಸಮಯ ಶೇ 15.2 ಕಡಿಮೆ. ನೆಲದ ಮೇಲೆ ಹಾಕುತ್ತಿದ್ದ ಸರಾಸರಿ ಲಂಬ ಬಲ ಶೇ 19.3 ಕಡಿಮೆ. ದೇಹಕ್ರಿಯೆಯ ದೃಷ್ಟಿಯಿಂದ ಈ ಓಟ ಸಹಜ ಕಾಲಿನ ಓಟವನ್ನು ಹೋಲುತ್ತದೆ, ಯಂತ್ರವಿಧಾನದ ದೃಷ್ಟಿಯಿಂದ ಬೇರೆಯಾಗಿದೆ ಎಂಬ ವಾಕ್ಯಕ್ಕೆ ಏಳೂ ಮಂದಿ ಒಪ್ಪಿದರು. ಬೇರೆಯಾಗಿರುವುದು ಲಾಭವೋ ನಷ್ಟವೋ ಎಂಬುದನ್ನು ಪ್ರಬಂಧ ತೆರೆದಿಟ್ಟಿತು.

ನ್ಯಾಯಮಂಡಳಿಯ ತೀರ್ಪು

ತೀರ್ಪು ಬಂದದ್ದು ಪ್ರಬಂಧಕ್ಕೂ ಮೊದಲು, 2008ರ ಮೇ 16ರಂದು. ಮಾರ್ಟಿನ್ ಹಂಟರ್ ಅಧ್ಯಕ್ಷತೆಯ ಮೂವರು ಸದಸ್ಯರ ಪೀಠ ಏಪ್ರಿಲ್ ಕೊನೆಯ ಎರಡು ದಿನ ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿ ವಿಚಾರಣೆ ನಡೆಸಿತ್ತು. ರುಜುವಾತಿನ ಹೊಣೆ ಐಎಎಎಫ್ ಮೇಲಿದೆ ಎಂಬುದು ಮೊದಲೇ ಸ್ಪಷ್ಟವಾಗಿತ್ತು. ಎಲ್ಲೋ ಒಂದು ಕಡೆ ಒಂದಿಷ್ಟು ಅನುಕೂಲವಿದ್ದರೂ ನಿಯಮ ಅನ್ವಯವಾಗುತ್ತದೆ, ಬೇರೆಡೆಯ ಅನನುಕೂಲವನ್ನು ಕಳೆಯಬೇಕಾಗಿಲ್ಲ ಎಂಬ ಒಕ್ಕೂಟದ ವಾದವನ್ನು ಪೀಠ ತಳ್ಳಿಹಾಕಿತು. ಓಟದ ಆರಂಭದಿಂದ ಕೊನೆಯವರೆಗಿನ ಲಾಭ ನಷ್ಟಗಳನ್ನು ಕೂಡಿ ಕಳೆದ ಬಳಿಕ ಉಳಿಯುವ ಒಟ್ಟು ಅನುಕೂಲವೇ ಲೆಕ್ಕಕ್ಕೆ ಬರುವುದು ಎಂದಿತು. ಅಂಥ ಒಟ್ಟು ಲೆಕ್ಕವನ್ನು ಕಲೋನ್‌ನಲ್ಲಿ ಯಾರೂ ಹಾಕಿರಲಿಲ್ಲ. ಇದೇ ಮಾದರಿಯ ಕಾಲುಗಳು ಅದಾಗಲೇ ಸುಮಾರು ಹತ್ತು ವರ್ಷದಿಂದ ಬಳಕೆಯಲ್ಲಿದ್ದರೂ ಬೇರಾರೂ ಈ ವೇಗದ ಹತ್ತಿರ ಬಂದಿಲ್ಲ ಎಂಬುದನ್ನೂ ಪೀಠ ಗಮನಿಸಿತು. ಒಕ್ಕೂಟ ರೋಮ್‌ನ ಕೂಟದಿಂದ ನಿಷೇಧದವರೆಗಿನ ಆರು ತಿಂಗಳು ಪ್ರಕರಣವನ್ನು ನಡೆಸಿಕೊಂಡು ಬಂದ ರೀತಿಯ ಬಗ್ಗೆ ಕಟುವಾಗಿಯೇ ಬರೆಯಿತು. ಕೊನೆಗೆ ನಿಷೇಧವನ್ನು ರದ್ದುಪಡಿಸಿ, ಈ ಆದೇಶ ಈ ಓಟಗಾರನಿಗೆ ಮತ್ತು ಪರೀಕ್ಷೆಗೊಳಪಟ್ಟ ಈ ಮಾದರಿಯ ಕಾಲಿಗೆ ಮಾತ್ರ ಎಂದು ಗೆರೆ ಎಳೆಯಿತು.

ಬ್ಲೇಡ್‌ನಿಂದ ಅನುಕೂಲವಿಲ್ಲ ಎಂದು ವಿಜ್ಞಾನ ಸಾಬೀತು ಮಾಡಿತು ಎಂದು ಈ ತೀರ್ಪಿನ ಬಗ್ಗೆ ಆಗ ಬಹಳ ಕಡೆ ಬರೆದರು. ತೀರ್ಪು ಹಾಗೆ ಹೇಳಿಲ್ಲ. ಅನುಕೂಲವಿದೆ ಎಂಬುದು ಸಾಬೀತಾಗಿಲ್ಲ ಎಂದಷ್ಟೇ ಹೇಳಿತು. ನ್ಯಾಯಾಲಯಕ್ಕೆ ಇವೆರಡರ ನಡುವಿನ ವ್ಯತ್ಯಾಸ ರುಜುವಾತಿನ ಹೊಣೆ ಯಾರದೆಂಬ ಪ್ರಶ್ನೆ. ಪ್ರಯೋಗಾಲಯಕ್ಕೆ ಅದು ಇನ್ನೂ ಮಾಡಬೇಕಾದ ಕೆಲಸ.

ಒಂದೇ ಅಂಕಿ, ಎರಡು ಓದು

ಪ್ರಬಂಧ ಬಂದ ವರ್ಷವೇ ವೇಯಾಂಡ್ ಮತ್ತು ಬಂಡ್ಲ್ ತಮ್ಮ ಐವರು ಸಹಲೇಖಕರಿಂದ ಬೇರೆಯಾದರು. ಅದೇ ಪತ್ರಿಕೆಯ ವಾದ ಪ್ರತಿವಾದ ವಿಭಾಗದಲ್ಲಿ ಎರಡೂ ಬಣಗಳು ಬರೆದವು.

ವೇಯಾಂಡ್ ಅವರ ನಿಲುವಿನ ಹಿಂದೆ 2000ನೇ ಇಸವಿಯಲ್ಲಿ ಅವರೇ ಮುಖ್ಯ ಲೇಖಕರಾಗಿ ಪ್ರಕಟಿಸಿದ್ದ ಅಧ್ಯಯನವಿದೆ. ವೇಗದ ಓಟಗಾರರು ಕಾಲನ್ನು ಹೆಚ್ಚು ಚುರುಕಾಗಿ ಬೀಸುವುದಿಲ್ಲ, ನೆಲವನ್ನು ಹೆಚ್ಚು ಬಲದಿಂದ ಒತ್ತುತ್ತಾರೆ ಎಂಬುದು ಅದರ ಸಾರ. ಗರಿಷ್ಠ ವೇಗದಲ್ಲಿ ಕಾಲು ಬೀಸುವ ಅವಧಿ ವೇಗಿಗಳಲ್ಲಿಯೂ ನಿಧಾನಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಒಬ್ಬನೇ ಒಬ್ಬ ಓಟಗಾರನಲ್ಲಿ ಆ ಅವಧಿ ಶೇ 15ರಷ್ಟು ಕಡಿಮೆ ಕಂಡರೆ, ಮನುಷ್ಯದೇಹದ ಎಲ್ಲೆಯನ್ನು ದಾಟಿಸುವ ಏನೋ ಅಲ್ಲಿದೆ ಎಂದು ಅವರಿಗೆ ತೋರಿದ್ದು ಸಹಜ. ಆ ‘ಏನೋ’ ಬ್ಲೇಡಿನ ಹಗುರತನ ಎಂದರು. ಮೊಣಕಾಲಿನ ಕೆಳಗೆ ತೂಕ ಕಡಿಮೆಯಾದರೆ ಕಾಲನ್ನು ಬೇಗ ಮುಂದಕ್ಕೆ ತರಬಹುದು. ಬೇಗ ತಂದರೆ ದೇಹ ಗಾಳಿಯಲ್ಲಿ ಕಡಿಮೆ ಹೊತ್ತು ಇದ್ದರೂ ನಡೆಯುತ್ತದೆ. ಕಡಿಮೆ ಹೊತ್ತು ಇದ್ದರೆ ನೆಲವನ್ನು ಅಷ್ಟು ಬಲವಾಗಿ ಒತ್ತಬೇಕಾಗಿಯೂ ಇಲ್ಲ. ಆದ್ದರಿಂದ ಶೇ 19.3 ಕಡಿಮೆ ಬಲ ಎಂಬುದು ಅವರ ಓದಿನಲ್ಲಿ ಉಳಿತಾಯ. ಈ ಲೆಕ್ಕವನ್ನು 400 ಮೀಟರಿಗೆ ಹಿಗ್ಗಿಸಿ, ಹತ್ತು ಹನ್ನೆರಡು ಸೆಕೆಂಡಿನಷ್ಟು ಲಾಭ ಎಂಬ ಮಾತೂ ಬಂತು. ಆ ಲಾಭವಿಲ್ಲವೆಂದುಕೊಂಡು 46 ಸೆಕೆಂಡಿಗೆ ಅಷ್ಟನ್ನು ಕೂಡಿಸಿದರೆ ಅವನು ಯಾವುದೋ ಶಾಲಾ ಕೂಟದ ಮಟ್ಟದ ಓಟಗಾರನಾಗುತ್ತಾನೆ. ಇದು ಸೂತ್ರವನ್ನು ಅದು ತಾಳುವುದಕ್ಕಿಂತ ಹೆಚ್ಚು ಜಗ್ಗಿದ ಲೆಕ್ಕ ಎಂದು ನನಗನಿಸುತ್ತದೆ.

ಕ್ರಾಮ್, ಗ್ರಬೌಸ್ಕಿ, ಹೆರ್ ಮತ್ತು ಉಳಿದಿಬ್ಬರು ಅದೇ ಸರಪಳಿಯನ್ನು ಇನ್ನೊಂದು ತುದಿಯಿಂದ ಹಿಡಿದರು. ಬಾಗುವ ಬ್ಲೇಡಿನ ಮೂಲಕ ನೆಲವನ್ನು ಸಾಕಷ್ಟು ಬಲವಾಗಿ ಒತ್ತಲು ಆಗುವುದಿಲ್ಲ. ಆಗದಿರುವುದರಿಂದಲೇ ದೇಹ ಗಾಳಿಯಲ್ಲಿ ಹೆಚ್ಚು ಹೊತ್ತು ಇರಲಾಗದು. ಆದ್ದರಿಂದ ವಿಧಿಯಿಲ್ಲದೆ ಕಾಲನ್ನು ಬೇಗ ಬೀಸುವುದನ್ನು ಅವರು ಕಲಿತಿದ್ದಾರೆ ಎಂಬುದು ಇವರ ಓದು. ಮಗುವಾಗಿದ್ದಾಗಿನಿಂದ ಬೇರೆ ಕಾಲೇ ಗೊತ್ತಿಲ್ಲದವನು ಹಾಗೆ ಕಲಿತಿರುವುದರಲ್ಲಿ ಅಚ್ಚರಿಯೇನು? ಜೊತೆಗೆ, ಒಬ್ಬನೇ ವ್ಯಕ್ತಿಯ ಅಳತೆಯಿಂದ ಸಾಧನದ ಗುಣವನ್ನೂ ವ್ಯಕ್ತಿಯ ಗುಣವನ್ನೂ ಬೇರ್ಪಡಿಸಲಾಗದು ಎಂಬ ಮೂಲಭೂತ ಆಕ್ಷೇಪವನ್ನೂ ಅವರು ಎತ್ತಿದರು.

ಈ ಆಕ್ಷೇಪಕ್ಕೆ ಜಾಣ ಪರಿಹಾರವೊಂದು ಇತ್ತು. ಒಂದೇ ಕಾಲು ಕಳೆದುಕೊಂಡ ಓಟಗಾರರಲ್ಲಿ ಹೋಲಿಕೆಯ ಕಾಲು ಅದೇ ದೇಹದಲ್ಲಿರುತ್ತದೆ. ಗ್ರಬೌಸ್ಕಿ ಮತ್ತು ಸಂಗಡಿಗರು ಅಂಥ ಆರು ಮಂದಿಯನ್ನು ಓಡಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು: ಬ್ಲೇಡ್ ತೊಟ್ಟ ಕಾಲು ನೆಲಕ್ಕೆ ಹಾಕುವ ಬಲ ಸಹಜ ಕಾಲಿಗಿಂತ ಶೇ 9 ಕಡಿಮೆ, ಬೀಸುವ ಅವಧಿಯಲ್ಲಿ ಎರಡು ಕಾಲಿಗೂ ವ್ಯತ್ಯಾಸವಿಲ್ಲ, ಬ್ಲೇಡಿಗೆ ಹೆಚ್ಚುವರಿ ತೂಕ ಕಟ್ಟಿದರೂ ಗರಿಷ್ಠ ವೇಗ ಬದಲಾಗಲಿಲ್ಲ. ಹಗುರತನದ ವಾದಕ್ಕೆ ಇದು ದೊಡ್ಡ ಪೆಟ್ಟು. ಆದರೆ ಪ್ರಶ್ನೆ ಪೂರ್ತಿ ಮುಗಿಯುವುದಿಲ್ಲ. ಒಂದು ಸಹಜ ಕಾಲಿರುವವನು ಎರಡೂ ಕಾಲುಗಳ ಲಯವನ್ನು ಹೊಂದಿಸಿಕೊಳ್ಳಲೇಬೇಕು, ಬ್ಲೇಡಿನ ಎತ್ತರವನ್ನು ಇನ್ನೊಂದು ಕಾಲಿಗೆ ಸರಿಗಟ್ಟಲೇಬೇಕು. ಎರಡೂ ಬ್ಲೇಡ್ ಇರುವವನಿಗೆ ಆ ಕಟ್ಟುಪಾಡಿಲ್ಲ. ಓಟದ ತಿರುವುಗಳ ವಿಷಯದಲ್ಲೂ ಇಂಥದೇ ಸೂಕ್ಷ್ಮವಿದೆ: ಒಳಬದಿಯ ಕಾಲು ಕೃತಕವಾದರೆ ತಿರುವಿನಲ್ಲಿ ವೇಗ ಸುಮಾರು ಶೇ 4ರಷ್ಟು ತಗ್ಗುತ್ತದೆ ಎಂದು 2016ರ ಅಧ್ಯಯನ ತೋರಿಸಿತು. ಟ್ರ್ಯಾಕ್‌ನಲ್ಲಿ ಎಲ್ಲರೂ ಎಡಕ್ಕೇ ತಿರುಗುವುದರಿಂದ ಎಡಗಾಲು ಇಲ್ಲದವನಿಗೂ ಬಲಗಾಲು ಇಲ್ಲದವನಿಗೂ ಒಂದೇ ಓಟ ಒಂದೇ ಅಲ್ಲ.

ಟ್ರ್ಯಾಕ್ ಮೇಲೆ ಆದದ್ದು

ಪಿಸ್ಟೋರಿಯಸ್ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಬೇಕಾದ ಅರ್ಹತಾ ಸಮಯ ತಲುಪಲಿಲ್ಲ. 2011ರ ಜುಲೈನಲ್ಲಿ ಇಟಲಿಯ ಲಿಗ್ನಾನೊದಲ್ಲಿ 45.07 ಸೆಕೆಂಡಿನಲ್ಲಿ ಓಡಿ ಅದೇ ವರ್ಷ ದಕ್ಷಿಣ ಕೊರಿಯಾದ ದೇಗು ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದರು. 2012ರ ಲಂಡನ್ ಒಲಿಂಪಿಕ್ಸ್‌ನ ಹೀಟ್‌ನಲ್ಲಿ 45.44 ಸೆಕೆಂಡು, ಸೆಮಿಫೈನಲ್‌ನಲ್ಲಿ 46.54. ಮರು ತಿಂಗಳು ಅದೇ ಊರಿನ ಪ್ಯಾರಾಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಬ್ರೆಜಿಲ್‌ನ ಅಲನ್ ಒಲಿವೇರಾ 21.45 ಸೆಕೆಂಡಿನಲ್ಲಿ ಅವರನ್ನು ಹಿಂದಿಕ್ಕಿದರು. ಗೆದ್ದವನ ಬ್ಲೇಡುಗಳು ಉದ್ದ ಎಂದು ಪಿಸ್ಟೋರಿಯಸ್ ಬಹಿರಂಗವಾಗಿ ದೂರಿದರು. ಕಾಲುಗಳು ನಿಯಮದ ಮಿತಿಯೊಳಗೇ ಇದ್ದವು ಎಂದು ಪ್ಯಾರಾಲಿಂಪಿಕ್ ಸಮಿತಿ ಹೇಳಿತು. ಸಾಧನದಿಂದ ಅನುಕೂಲ ಎಂಬ ಆರೋಪವನ್ನು ನಾಲ್ಕು ವರ್ಷದ ಹಿಂದೆ ನ್ಯಾಯಮಂಡಳಿಯಲ್ಲಿ ಎದುರಿಸಿದವರೇ ಈಗ ಅದನ್ನು ಇನ್ನೊಬ್ಬರ ಮೇಲೆ ಹೊರಿಸಿದ್ದು ಅನೇಕರ ಕಣ್ಣಿಗೆ ಬಿತ್ತು. ಆ ದೂರಿನಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದ ಹುರುಳೂ ಇತ್ತು ಎಂಬುದನ್ನು ಕಡಿಮೆ ಜನ ಗಮನಿಸಿದರು; ಬ್ಲೇಡಿನ ಉದ್ದದ ಪ್ರಶ್ನೆ ಮುಂದೆ ಮತ್ತೆ ಬರಲಿದೆ. 2013ರ ಫೆಬ್ರುವರಿಯಲ್ಲಿ ಅವರು ತಮ್ಮ ಗೆಳತಿ ರೀವಾ ಸ್ಟೀನ್‌ಕ್ಯಾಂಪ್ ಅವರನ್ನು ಗುಂಡಿಟ್ಟು ಕೊಂದರು, ಕೊಲೆಯ ಅಪರಾಧಿ ಎಂದು ತೀರ್ಮಾನವಾಯಿತು. ಅವರ ಓಟ ಅಲ್ಲಿಗೆ ನಿಂತಿತು. ಅವರ ದೇಹದಿಂದ ಇನ್ನಷ್ಟು ಅಳತೆ ಪಡೆಯುವ ದಾರಿಯೂ ಹಾಗೆಯೇ ಮುಚ್ಚಿತು.

ಹೊಣೆ ಕೈ ಬದಲಾಯಿಸಿದ್ದು

2015ರಲ್ಲಿ ಐಎಎಎಫ್ ನಿಯಮವನ್ನು ತಿರುಗಿಸಿ ಬರೆಯಿತು. ಅನುಕೂಲವಿದೆ ಎಂದು ಒಕ್ಕೂಟ ತೋರಿಸಬೇಕಿಲ್ಲ, ಇಲ್ಲ ಎಂದು ಓಟಗಾರನೇ ತೋರಿಸಬೇಕು. ವಿಜ್ಞಾನಿಗಳ ಏಳು ಮಂದಿಯ ತಂಡಕ್ಕೇ ಒಮ್ಮತಕ್ಕೆ ಬರಲಾಗದ ವಿಷಯವನ್ನು ಒಬ್ಬ ಕ್ರೀಡಾಪಟು ತನ್ನ ಖರ್ಚಿನಲ್ಲಿ ಸಾಬೀತು ಮಾಡಬೇಕು ಎಂದಂತಾಯಿತು. ಜರ್ಮನಿಯ ಉದ್ದಜಿಗಿತಗಾರ ಮಾರ್ಕುಸ್ ರೇಮ್ ಇದರ ಮೊದಲ ಬಿಸಿ ಉಂಡವರು. 2014ರ ಜರ್ಮನ್ ರಾಷ್ಟ್ರೀಯ ಕೂಟದಲ್ಲಿ ಸಹಜ ಕಾಲಿನವರೊಡನೆ ಸ್ಪರ್ಧಿಸಿ 8.24 ಮೀಟರ್ ಜಿಗಿದು ಗೆದ್ದಿದ್ದ ಅವರ ಮೇಲೆ ಕಲೋನ್, ಕೊಲೊರಾಡೊ ಮತ್ತು ಜಪಾನಿನ ಸಂಶೋಧಕರು ಕೂಡಿ ನಡೆಸಿದ ಅಧ್ಯಯನ, ಓಡಿಬರುವಾಗ ಅವರಿಗೆ ತೊಡಕು, ನೆಲ ಬಿಟ್ಟು ಚಿಮ್ಮುವಾಗ ಅನುಕೂಲ, ಕೂಡಿ ಕಳೆದರೆ ಏನು ಉಳಿಯುತ್ತದೆ ಎಂದು ಹೇಳಲಾಗದು ಎಂದಿತು. ಹೇಳಲಾಗದು ಎಂಬ ಉತ್ತರ 2008ರಲ್ಲಿ ಓಟಗಾರನ ಪರವಾಗಿತ್ತು. 2016ರಲ್ಲಿ ಅದೇ ಉತ್ತರ ರೇಮ್ ಅವರನ್ನು ರಿಯೊ ಒಲಿಂಪಿಕ್ಸ್‌ನಿಂದ ಹೊರಗಿಟ್ಟಿತು.

ಹೊಣೆಯನ್ನು ಹೀಗೆ ಕ್ರೀಡಾಪಟುವಿನ ಹೆಗಲಿಗೆ ದಾಟಿಸಿದ್ದನ್ನು ಕ್ರೀಡಾ ನ್ಯಾಯಮಂಡಳಿ 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ಲೇಕ್ ಲೀಪರ್ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಆದರೂ ಲೀಪರ್ ಸೋತರು. ಹುಟ್ಟಿನಿಂದಲೇ ಮೊಣಕಾಲಿನ ಕೆಳಗೆ ಎರಡೂ ಕಾಲಿಲ್ಲದ ಅವರು ಬ್ಲೇಡ್ ತೊಟ್ಟು ನಿಂತಾಗಿನ ಎತ್ತರ, ಸಹಜ ಕಾಲುಗಳಿದ್ದಿದ್ದರೆ ಇರುತ್ತಿದ್ದ ಎತ್ತರಕ್ಕಿಂತ ಸುಮಾರು 15 ಸೆಂಟಿಮೀಟರ್ ಹೆಚ್ಚು, ಅದರಿಂದ ಒಟ್ಟು ಅನುಕೂಲವಿದೆ ಎಂದು ಪೀಠ ನಿರ್ಣಯಿಸಿತು. ಇಲ್ಲದ ಕಾಲಿನ ಉದ್ದವನ್ನು ಕಂಡುಹಿಡಿಯುವುದು ಪ್ಯಾರಾಲಿಂಪಿಕ್ ಸಮಿತಿಯ ಸೂತ್ರವೊಂದರಿಂದ: ಕುಳಿತಾಗಿನ ಎತ್ತರ, ತೊಡೆಯ ಉದ್ದ, ತೋಳು ಮತ್ತು ಮುಂಗೈಯ ಅಳತೆಗಳನ್ನು ಹಾಕಿದರೆ ಅದು ಗರಿಷ್ಠ ನಿಲುವನ್ನು ಕೊಡುತ್ತದೆ. ಈ ಸೂತ್ರಕ್ಕೆ ಆಧಾರವಾದ ಅಳತೆಗಳಲ್ಲಿ ಕಪ್ಪು ಜನಾಂಗದ ಕ್ರೀಡಾಪಟುಗಳದ್ದು ಇಲ್ಲ, ದೇಹದ ಅನುಪಾತಗಳು ಜನಾಂಗದಿಂದ ಜನಾಂಗಕ್ಕೆ ಬೇರೆಯಾಗುತ್ತವೆ ಎಂದು ಲೀಪರ್ ಪರ ವಕೀಲರು ವಾದಿಸಿದರು. ಪೀಠ ಅದಕ್ಕೆ ಮಣಿಯಲಿಲ್ಲ. ಕಲೋನ್‌ನಲ್ಲಿ ಪಿಸ್ಟೋರಿಯಸ್ ಅವರನ್ನು ಬೇರೆ ಓಟಗಾರರ ಜೊತೆ ಹೋಲಿಸಿದ್ದರು, ಲೀಪರ್ ಅವರನ್ನು ಎಂದೂ ಇಲ್ಲದಿದ್ದ ಅವರದೇ ದೇಹದ ಜೊತೆ ಹೋಲಿಸಿದರು. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ವೈಜ್ಞಾನಿಕ ಎಂದು ಒಪ್ಪಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಲೆಕ್ಕಕ್ಕೆ ಸುಲಭ ಎಂಬುದನ್ನು ಮಾತ್ರ ಒಪ್ಪಬಹುದು.

ಎತ್ತರದಿಂದ ವೇಗ ಬರುತ್ತದೆಯೇ ಎಂಬುದೂ ಇತ್ಯರ್ಥವಾಗಿಲ್ಲ. ಎರಡೂ ಕಾಲು ಕಳೆದುಕೊಂಡ ಐವರು ಓಟಗಾರರಿಗೆ ಬ್ಲೇಡಿನ ಮಾದರಿ, ಬಿಗಿತ ಮತ್ತು ಎತ್ತರವನ್ನು ಬದಲಿಸಿ ಬದಲಿಸಿ ತೊಡಿಸಿ, ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸಿದ ಟಬೋಗಾ, ಬೆಕ್ ಮತ್ತು ಗ್ರಬೌಸ್ಕಿ ಅವರ 2020ರ ಅಧ್ಯಯನದಲ್ಲಿ ಗರಿಷ್ಠ ವೇಗದ ಮೇಲೆ ಪ್ರಭಾವ ಬೀರಿದ್ದು ಬ್ಲೇಡಿನ ಆಕಾರ ಮಾತ್ರ, ಬಿಗಿತವೂ ಅಲ್ಲ ಎತ್ತರವೂ ಅಲ್ಲ. ವಿಧಾನದ ದೃಷ್ಟಿಯಿಂದ ಇಡೀ ಸರಣಿಯಲ್ಲೇ ಇದು ಅತ್ಯಂತ ಅಚ್ಚುಕಟ್ಟಾದ ಪ್ರಯೋಗ. ಆದರೆ ಅಲ್ಲಿ ಬದಲಿಸಿದ ಎತ್ತರ ಕೆಲವೇ ಸೆಂಟಿಮೀಟರ್, ಹದಿನೈದಲ್ಲ. 2022ರಲ್ಲಿ ರಾಯಲ್ ಸೊಸೈಟಿಯ ಒಂದೇ ಮುಕ್ತ ಪತ್ರಿಕೆಯಲ್ಲಿ ಎರಡೂ ಬಣಗಳ ಪ್ರಬಂಧಗಳು ಬಂದವು. ಗ್ರಬೌಸ್ಕಿ ಬಣ, ಹೊರಡುವಾಗ, ತಿರುವಿನಲ್ಲಿ, ಗರಿಷ್ಠ ವೇಗದಲ್ಲಿ, ಎಲ್ಲಿ ಅಳೆದರೂ ಕೃತಕ ಕಾಲುಗಳಿಂದ ಅನುಕೂಲ ಕಾಣುವುದಿಲ್ಲ ಎಂದು ಲೆಕ್ಕ ಕೊಟ್ಟಿತು. ಕೃತಕವಾಗಿ ಉದ್ದಗೊಳಿಸಿದ ಕಾಲುಗಳು ದೀರ್ಘ ಸ್ಪ್ರಿಂಟ್‌ನ ವೇಗವನ್ನು ನೇರವಾಗಿಯೇ ಹೆಚ್ಚಿಸುತ್ತವೆ ಎಂದು ವೇಯಾಂಡ್ ಮತ್ತು ಬಂಡ್ಲ್ ಸೇರಿದ್ದ ತಂಡ ಉತ್ತರ ಬರೆಯಿತು.